ಕಾಕಾನ ಮೂರು ಎಳೆ ನೂಲು

ಕಾಕಾ ತೀರಿಕೊಂಡ ಸುದ್ದಿ ಬಂದಾಗ ನಾನು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಆಷಾಢದ ಗಾಳಿ. ಹಗ್ಗದ ಮೇಲಿನ ಸೀರೆ ಪಟಪಟ ಬಡಿದುಕೊಳ್ಳುತ್ತಿತ್ತು. ನಮ್ಮ ಯಜಮಾನರು ಹಿತ್ತಲ ಬಾಗಿಲಲ್ಲಿ ನಿಂತು, “ಕಾಕಾ ಹ್ವಾದ್ರಂತ,” ಎಂದರು. ಅವರ ಮಾತು ಮುಗಿಯುವುದಕ್ಕೂ ಸೀರೆ ಇಳಿಬೀಳುವುದಕ್ಕೂ ಸರಿಹೋಯಿತು. ಆಮೇಲೆ ಒಂದಿಷ್ಟು ಹೊತ್ತು ಎಲೆ ಅಲುಗಲಿಲ್ಲ. ಆಷಾಢದ ನಡು ಹಗಲಿನಲ್ಲಿ ಗಾಳಿ ಹೀಗೆ ನಿಂತದ್ದನ್ನು ನಾನು ಈ ಊರಿಗೆ ಬಂದಾಗಿನಿಂದ ಕಂಡಿರಲಿಲ್ಲ. ಇದನ್ನು ದೊಡ್ಡದು ಮಾಡಿ ಹೇಳುವ ಮನಸ್ಸು ನನಗಿಲ್ಲ. ಗಾಳಿ ನಿಂತಿತು, ಅಷ್ಟೆ. ಆದರೆ ನಿಂತದ್ದು ಖರೆ.

ಅವರು ಹಾಸಿಗೆಯ ಮೇಲೆ ಹೋದರು, ನೀರಿನಲ್ಲಿ ಅಲ್ಲ. ಆ ದಿನ ನಾನು ಮೊದಲು ಎಣಿಸಿದ ಉಪಕಾರ ಅದೇ. ಸಂಜೆ ದೇವರ ಮುಂದೆ ದೀಪ ಹಚ್ಚಿ, ಅವತ್ತು ದೇವರು ಮಾಡಿದ ಸಣ್ಣಪುಟ್ಟ ಉಪಕಾರಗಳನ್ನು ಬೆರಳು ಮಡಚಿ ಎಣಿಸುವುದು ನನ್ನ ರೂಢಿ. ಹಾಲು ಒಡೆಯಲಿಲ್ಲ, ಒಂದು. ಅತ್ತೆಯ ಮೊಣಕಾಲು ನೋವು ಇವತ್ತು ಕಡಿಮೆ, ಎರಡು. ಮಗಳು ಹೊತ್ತಿಗೆ ಮನೆಗೆ ಬಂದಳು, ಮೂರು. ಈ ಮೂರನೆಯ ಬೆರಳು ಹತ್ತೊಂಬತ್ತು ವರ್ಷಗಳಿಂದ ಮಡಚಲು ಬರುತ್ತಿದೆಯಲ್ಲ, ಅದು ಕಾಕಾನಿಂದ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರು ಹಿಡಿಯುವ ವಿಷಯದಲ್ಲಿ ಅವರಿಗೇ ಒಂದು ನೇಮವಿತ್ತು. ಅದನ್ನು ಮುಂದೆ ಹೇಳುತ್ತೇನೆ.

ನಮ್ಮ ಊರು ಬೀಳಗಿ ತಾಲ್ಲೂಕಿನಲ್ಲಿ, ಹಿನ್ನೀರಿನ ದಂಡೆಯ ಮೇಲಿದೆ. ಊರು ಎಂದರೆ ಸರಕಾರ ದಿನ್ನೆಯ ಮೇಲೆ ಕಟ್ಟಿಕೊಟ್ಟ ಪುನರ್ವಸತಿ ಕೇಂದ್ರ. ಹಳೆಯ ಊರು ಎದುರಿಗೇ ಇದೆ, ನೀರಿನ ಕೆಳಗೆ. ಅದರಾಚೆಗಿನ ಗುಡ್ಡವೂ ಗುಡ್ಡದ ಮೇಲಿನ ಹನುಮಪ್ಪನ ಗುಡಿಯೂ ಮುಳುಗದೆ ಉಳಿದು ನಡುಗಡ್ಡೆಯಾಗಿವೆ. ನಮಗೆಲ್ಲ ಮನೆದೇವರು ಅವನೇ. ಮದುವೆಯ ಮೊದಲ ಕಾಯಿ, ಕೂಸಿನ ಜಾವಳದ ಮೊದಲ ಕೂದಲು ಅಲ್ಲಿಗೇ ಸಲ್ಲಬೇಕು. ಹೀಗಾಗಿ ನಾವಿ ಬೇಕು. ನಾವಿ ಎಂದರೆ ಅಗಲ ಕಡಿಮೆಯ, ಉದ್ದನೆಯ ಮರದ ದೋಣಿ. ಎಂಟು ಜನ ಕೂಡ್ರಬಹುದು. ಊರೆಲ್ಲ ಕಾಕಾ ಎನ್ನುತ್ತಿದ್ದ ಅವರೇ ಆ ನಾವಿಯ ಅಂಬಿಗರು.

ನಾನು ಬನಹಟ್ಟಿಯವಳು. ನಮ್ಮಪ್ಪನ ಮನೆಯಲ್ಲಿ ನಾಲ್ಕು ಪವರ್‌ಲೂಮ್. ಮಗ್ಗದ ಖಟಖಟದಲ್ಲೇ ಉಂಡು, ಮಲಗಿ, ಬೆಳೆದವಳು. ಮದುವೆಯಾಗಿ ಇಲ್ಲಿಗೆ ಬಂದು ಮೊದಲ ಸಲ ಈ ನೀರನ್ನು ನೋಡಿದಾಗ ಆಚೆಯ ದಂಡೆ ಕಾಣಲಿಲ್ಲ. ಸಪ್ಪಳವೂ ಇರಲಿಲ್ಲ. ನಾವಿ ಹತ್ತದೆ ದಂಡೆಯಲ್ಲಿ ನಿಂತುಬಿಟ್ಟೆ. ಆಗ ಕಾಕಾ ಹತ್ತಿರ ಬಂದು, “ಯಾವೂರ ತಂಗೀ?” ಎಂದು ಕೇಳಿದರು.

“ಬನಹಟ್ಟಿರಿ.”

“ಕರೆಂಟ್ ಹೋಗಿ ಮಗ್ಗ ಎಲ್ಲಾ ಒಮ್ಮೆಲೆ ನಿಂತಾಗ ಕಿವಿಗಿ ಹೆಂಗ ಆಕ್ಕೈತಿ?”

ನಾನು ಸ್ವಲ್ಪ ವಿಚಾರ ಮಾಡಿ, “ಯಾರೋ ಕಿವಿಯಾಗ ಬಾಯಿ ಇಟ್ಟು ಉಸರು ಹಿಡದಂಗ,” ಎಂದೆ.

ಅವರು ನನ್ನ ಮುಖ ನೋಡಿದರು. “ಅದನ್ನ ನೆಪ್ಪ ಇಟ್ಟುಕೋ. ಈ ಹೊಳಿ ಮ್ಯಾಲೂ ಒಮ್ಮೊಮ್ಮೆ ಕರೆಂಟ್ ಹೋಗತೈತಿ. ಹಂಗ ಆದ ದಿನ ನಾ ಹತ್ತು ಅಂದ್ರೂ ಹತ್ತಬ್ಯಾಡ,” ಎಂದರು.

ಕಾಕಾ ಎತ್ತರದ ಮನುಷ್ಯ. ತಲೆಯ ಮೇಲೆ ಯಾವಾಗಲೂ ಬಿಳಿ ಟೊಪ್ಪಿಗೆ. ನಾವಿ ಬಿಡುವ ಮೊದಲು ಟೊಪ್ಪಿಗೆ ತೆಗೆದು ಕಂಕುಳಲ್ಲಿ ಇಟ್ಟುಕೊಳ್ಳುವರು, ನೀರಿಗೆ ಬೆನ್ನು ಹಾಕಿ ನಿಲ್ಲುವರು. ನೀರು ನೋಡಬೇಕಾದವರು ಊರ ಕಡೆ ಮುಖ ಮಾಡಿ ನಿಂತದ್ದು ನೋಡಿ ಹೊಸಬರು ನಗುತ್ತಿದ್ದರು. ಅವರು ನೋಡುತ್ತಿದ್ದುದು ಬೆಲ್ಲದ ಗಾಣದ ಹೊಗೆ ಎತ್ತ ಬಾಗಿದೆ, ದಿನ್ನೆಯ ಮೇಲಿನ ಎಮ್ಮೆಗಳು ಎತ್ತ ಮುಖ ಮಾಡಿವೆ ಎಂಬುದನ್ನು. ಬೋಳು ತಲೆಯ ಎಡಕ್ಕೋ ಬಲಕ್ಕೋ ತಂಪು ತಾಗಿದ್ದನ್ನು ಕಣ್ಣು ಮುಚ್ಚಿ ತಿಳಿದುಕೊಳ್ಳುತ್ತಿದ್ದರು. ನೀರನ್ನು ನೋಡುತ್ತಿದ್ದುದು ಎಲ್ಲಕ್ಕಿಂತ ಕೊನೆಗೆ. “ನೀರು ಆಮ್ಯಾಲ ಹೇಳತೈತಿ. ಅದು ಹೇಳೂದ್ರಾಗ ನಾವು ನಡುವ ಇರ್ತೀವಿ,” ಎನ್ನುತ್ತಿದ್ದರು.

ನಾವಿ ಕಟ್ಟುವಲ್ಲಿ ಒಂದು ಉದ್ದನೆಯ ಬಿದಿರಿನ ಗಳ ನೆಟ್ಟಿದ್ದರು. ಅದಕ್ಕೆ ಮೂರು ಎಳೆ ನೂಲು. ಒಂದು ಮೊಣಕಾಲಿನ ಮಟ್ಟಕ್ಕೆ, ಒಂದು ಎದೆಯ ಮಟ್ಟಕ್ಕೆ, ಒಂದು ಗಳದ ತುದಿಗೆ. ಕೆಳಗಿನದು ಹತ್ತಿಯ ನೂಲಾಗಿತ್ತು. ನಾನು ಒಮ್ಮೆ ತವರಿಗೆ ಹೊರಟಾಗ ಕಾಕಾ, “ತಂಗೀ, ಬರುವಾಗ ಮಗ್ಗದ್ದು ಸೀರಿ ನೂಲು ಒಂದೀಟ ತರ್ತೀಯೇನು? ಈ ಹತ್ತಿ ನೂಲು ಮಂಜು ಕುಡದು ಮಲಗಿಬಿಡತೈತಿ. ಹೊಳಪಿಂದು ಬೇಕು, ಕೆಂಪು ಇದ್ರ ಛಲೋ,” ಎಂದರು. ಅಂದಿನಿಂದ ಪ್ರತಿ ಸಲ ಬನಹಟ್ಟಿಗೆ ಹೋದಾಗ ನೂಲು ಸುತ್ತುವ ಕಂಡಿಕೆಯಲ್ಲಿ ಉಳಿದ ಕೆಂಪು ಆರ್ಟ್ ಸಿಲ್ಕ್ ನೂಲನ್ನು ಅವರಿಗೆ ತಂದುಕೊಡುತ್ತಿದ್ದೆ.

ಮೂರು ಏಕೆ ಎಂದು ಕೇಳಿದ್ದೆ. ಅದು ಇಂಥದೇ ಆಷಾಢದ ದಿನ. ದಂಡೆಯ ನೀರು ಹಾಸಿದ ಚಾಪೆಯ ಹಾಗಿತ್ತು. ಕೆಳಗಿನ ನೂಲು ಇಳಿಬಿದ್ದಿತ್ತು, ನಡುವಿನದೂ ಇಳಿಬಿದ್ದಿತ್ತು. ತುದಿಯದು ಮಾತ್ರ ನೀರಿನ ಕಡೆಗೆ ನೆಟ್ಟಗೆ ಚಾಚಿಕೊಂಡು ನಡುಗುತ್ತಿತ್ತು.

“ಪಡುವಣ ಗಾಳಿ ನಮ್ಮ ಬೆನ್ನ ಹಿಂದಿಂದ ಬರತೈತಿ. ಈ ದಿನ್ನಿ ಅಡ್ಡ ಐತಿ ನೋಡು, ಅದಕ್ಕ ದಂಡಿಗಿ ತಾಗೂದಿಲ್ಲ. ನಮ್ಮ ತಲಿ ಮ್ಯಾಲಿಂದ ಹಾರಿ ಹೋಗಿ, ನಡು ಹೊಳಿಯಾಗ ಇಳೀತೈತಿ. ಇಲ್ಲಿಂದ ನೋಡಿದ್ರ ನೀರು ಬಾ ಅಂತೈತಿ. ಹೋಗೂದು ಬಾಳ ಹಗುರ, ಗಾಳೀನ ಒಯ್ಯತೈತಿ. ತಿರುಗಿ ಬರ್ತೀನಂದ್ರ ಬಿಡೂದಿಲ್ಲ.”

“ಬಿಡಲಿಲ್ಲಂದ್ರ?”

“ಅದರ ಮನಿಗೆ ಹೋಗಬೇಕು,” ಎಂದು ಕಾಕಾ ನೀರಿನ ಕಡೆ ಗದ್ದ ಎತ್ತಿ ತೋರಿಸಿದರು. ನಗಲಿಲ್ಲ.

ಇನ್ನು ಆ ನೇಮ. ನಡುಗಡ್ಡೆಗೆ ಹೋಗುವ ದಾರಿ ಹಳೆಯ ಊರಿನ ಮೇಲಿಂದಲೇ. ಬೇಸಿಗೆಯಲ್ಲಿ ನೀರು ಇಳಿದು ತಿಳಿಯಾದಾಗ ಗೋಡೆಗಳು, ಕಟ್ಟೆಗಳು, ಒಲೆಯ ಮಸಿ ಕೂಡ ಕಾಣುತ್ತವೆ ಎನ್ನುತ್ತಿದ್ದರು. ಆದರೆ ಕಾಕಾನ ನಾವಿಯಲ್ಲಿ ಯಾರೂ ಕೆಳಗೆ ನೋಡುವಂತಿರಲಿಲ್ಲ. ಎಲ್ಲರೂ ಮುಂದಿನ ಗುಡಿಯ ಕಡೆ ಮುಖ ಮಾಡಿ, ಕೈ ತೊಡೆಯ ಮೇಲಿಟ್ಟು ಕೂಡ್ರಬೇಕು. ಕಾಕಾ ಹಿಂದೆ ಕುಳಿತು ಹುಟ್ಟು ಹಾಕುತ್ತ, ಮುಳುಗಿದ ಊರನ್ನು ಒಂದೊಂದಾಗಿ ಹೆಸರು ಹಿಡಿದು ಕರೆಯುತ್ತಿದ್ದರು.

“ಅಗಸಿ ಬಂತು... ಬಡಿಗ್ಯಾರ ಓಣಿ... ಸಾಲಿ... ಎರಡ ಬಾಗಲದ ಮನಿ ಬಂತು.”

ಅಗಸಿ ಎಂದರೆ ಊರಬಾಗಿಲು, ಎರಡು ಬಾಗಿಲಿನ ಮನೆ ಎಂದರೆ ನಮ್ಮದು. ಅತ್ತೆ ಸೀರೆಯ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಮುಂದೆ ನೋಡುತ್ತಲೇ “ಆತು” ಎನ್ನುತ್ತಿದ್ದರು. ಯಾವ ಮನೆಯ ಹೆಸರು ಬಂತೋ ಆ ಮನೆಯವರು “ಆತು” ಎನ್ನಬೇಕು. ಆ ಒಂದು ಮಾತು ಅಷ್ಟೆ. ಆಗ ನಾವಿ ಮುಂದೆ ಸಾಗುವುದು.

ಮೊದಲ ಸಲ ಇದನ್ನು ಕೇಳಿದಾಗ ನನ್ನ ಮೈಮೇಲಿನ ಕೂದಲು ಎದ್ದು ನಿಂತವು. ಹಗಲು ಬಿಸಿಲು, ಸುತ್ತ ಬರೀ ನೀರು. ಹಿಂದಿನಿಂದ ಇಲ್ಲದ ಓಣಿಗಳ ಹೆಸರು, ಮುಂದಿನಿಂದ ಒಬ್ಬೊಬ್ಬರ “ಆತು”. ಅದಕ್ಕಿಂತ ಹೆಚ್ಚು ಹೆದರಿಕೆಯಾದದ್ದು ಶಾಲೆ ದಾಟಿ ನಮ್ಮ ಮನೆ ಬಂದ ಮೇಲೆ. ಅಲ್ಲಿ ಒಂದು ಕಡೆ ಕಾಕಾ ಹೆಸರು ಹಿಡಿಯುತ್ತಿರಲಿಲ್ಲ. ಹುಟ್ಟನ್ನು ನೀರಿನಿಂದ ಮೇಲೆತ್ತಿ ಹಿಡಿಯುತ್ತಿದ್ದರು. ಹುಟ್ಟಿನಿಂದ ಹನಿ ತೊಟ್ಟಿಕ್ಕುವುದು ಕೇಳಿಸುತ್ತಿತ್ತು. ನಾವಿ ತಾನೇ ಜಾರುತ್ತ ಅಷ್ಟು ಜಾಗ ದಾಟಿದ ಮೇಲೆ ಮತ್ತೆ ಹುಟ್ಟು ಬೀಳುವುದು, “ಕುಂಬಾರ ಭಾವಿ ಬಂತು.”

ಅದು ಯಾರ ಮನೆ ಎಂದು ಅತ್ತೆಯನ್ನು ದಂಡೆಗೆ ಬಂದ ಮೇಲೆ ಕೇಳಿದೆ.

“ಕಾಕಾಂದ. ಹುಣಸಿ ಗಿಡದ ಮನಿ ಅಂತಿದ್ರು,” ಎಂದರು ಅತ್ತೆ.

ಆ ಹೆಸರನ್ನು ಅವರು ಬಿಟ್ಟದ್ದು ನೀರು ಬಂದ ಮರು ವರ್ಷದ ಬೇಸಿಗೆಯಲ್ಲಿ ಎಂದು ಅತ್ತೆಯೇ ಹೇಳಿದರು. ಗುಡಿಗೆ ಹೊರಟ ನಾವಿಯಲ್ಲಿ ಕಾಕಾನ ಹೆಂಡತಿಯೂ ಇದ್ದಳು. ತಿಳಿನೀರು. “ಅಯ್ಯ, ನಮ್ಮ ಕಟ್ಟಿ ಕಾಣಾಕತ್ತೈತಿ ನೋಡ್ರಿ!” ಎಂದು ಆಕೆ ಒಂದು ಬದಿಗೆ ಬಾಗಿದಳು. ಅದನ್ನು ಕೇಳಿ ಏಳು ಜನ ಅದೇ ಬದಿಗೆ ಬಾಗಿದರು, ತಂತಮ್ಮ ಮನೆ ಹುಡುಕಲು. ಅದೇ ಗಳಿಗೆಗೆ ಒಂದು ಗಾಳಿ ಬೀಸಿತು. ದೊಡ್ಡದೇನಲ್ಲ. ನಾವಿ ಮಗುಚಿತು. ಏಳು ಜನರನ್ನು ಕಾಕಾ ಎಳೆದು ಹಾಕಿದರು. ಆಕೆ ಸಿಗಲಿಲ್ಲ. ಬಳೆ ಸಪ್ಪಳ ಮಾಡುತ್ತ ಓಡಾಡುವ ಹೆಂಗಸಾಗಿದ್ದಳಂತೆ. ಓಣಿಯ ಆ ತುದಿಯಲ್ಲಿದ್ದರೂ ಬರುವುದು ಗೊತ್ತಾಗುತ್ತಿತ್ತಂತೆ.

ಇದರ ಬಗ್ಗೆ ಕಾಕಾ ನನ್ನ ಮುಂದೆ ಆಡಿದ ಮಾತು ಒಂದೇ. “ಗಾಳಿ ನೋಡಿದ್ದೆ ತಂಗೀ, ನೀರೂ ನೋಡಿದ್ದೆ. ಕುಂತ ಮಂದೀನ ನೋಡಿರಲಿಲ್ಲ.”

ನನ್ನ ಮಗಳು ರೇಣು ಹನ್ನೊಂದು ತಿಂಗಳ ಕೂಸಾಗಿದ್ದಾಗ ಜಾವಳಕ್ಕೆ ಹೋದೆವು. ಯುಗಾದಿ ಕಳೆದು ಎರಡು ವಾರ. ನೀರು ಅರ್ಧಕ್ಕೆ ಇಳಿದಿತ್ತು. ಕಾಕಾನ ನಾವಿಯಲ್ಲಿ ನಾನು, ಕೂಸು, ಯಜಮಾನರು, ಅತ್ತೆ, ಮೈದುನ, ಕ್ಷೌರದವರು, ಇಬ್ಬರು ಬೀಗರು. ಬೆಳಗಿನ ತಂಪಿನಲ್ಲಿ ಹೋಗಿ ಮುಟ್ಟಿದೆವು. ಜಾವಳ ಆಯಿತು, ಹೋಳಿಗೆ ಎಡೆ ಆಯಿತು. ಊಟದ ಹೊತ್ತಿಗೆ ಕೂಸಿನ ಮೈ ಬಿಸಿಯಾಯಿತು. ಮೊದಲು ಸ್ವಲ್ಪ, ಆಮೇಲೆ ಸುಡುವಷ್ಟು. ಮೊಲೆ ಕುಡಿಯದೆ ಕತ್ತು ಹಿಂದಕ್ಕೆ ಹಾಕಿತು. ಮುಧೋಳದ ಡಾಕ್ಟರರ ಕಡೆ ಬೇಗ ಒಯ್ಯಬೇಕು ಎಂದು ಎಲ್ಲರೂ ಎದ್ದೆವು.

ಕಾಕಾ ಏಳಲಿಲ್ಲ. ಗುಡಿಯ ಕಟ್ಟೆಯ ಮೇಲೆ ಕುಳಿತು ಹುಟ್ಟಿಗೂ ಕಟ್ಟಿಕೊಂಡಿದ್ದ ಇನ್ನೊಂದು ಎಳೆ ನೂಲನ್ನು ನೋಡುತ್ತಿದ್ದರು. ಪಶ್ಚಿಮಕ್ಕೆ, ಜಮಖಂಡಿಯ ಕಡೆ ದೂರದಲ್ಲಿ ಒಂದು ಮೋಡ ಎದ್ದಿತ್ತು. ಹೂಕೋಸಿನಂತೆ ಬೆಳ್ಳಗೆ, ಬುಡ ಮಾತ್ರ ಕಪ್ಪು. ನಮ್ಮ ತಲೆಯ ಮೇಲೆ ಬಿಸಿಲು. ನೀರು ಕನ್ನಡಿ. ನೂಲು ಮಾತ್ರ ಮೆಲ್ಲಗೆ ಎದ್ದು ಆ ಮೋಡದ ಕಡೆಗೇ ಬೆರಳು ಮಾಡಿತ್ತು.

“ಹೊಂಡೂಣ್ರಿ ಕಾಕಾ,” ಎಂದರು ಯಜಮಾನರು.

“ಈಗ ಬ್ಯಾಡ.”

“ಕೂಸಿನ ಮೈ ಕೆಂಡ ಆಗೇತ್ರಿ.”

“ಗೊತ್ತೈತಿ. ಬ್ಯಾಡ.”

ನನ್ನ ಮೈದುನನಿಗೆ ಸಿಟ್ಟು ನೆತ್ತಿಗೇರಿತು. “ಗಾಳೀನ ಇಲ್ಲ, ತೆರೀನ ಇಲ್ಲ. ಯಾರಿಗಿ ಅಂಜಾಕತ್ತೀರಿ ನೀವು?”

“ಇಲ್ಲದ್ದಕ್ಕ ಅಂಜಾಕತ್ತೇನೋ ತಮ್ಮಾ,” ಎಂದರು ಕಾಕಾ. “ದಾರ ನೋಡು. ಮೋಡ ಉಸರು ಎಳಕೊಳ್ಳಾಕತ್ತೈತಿ. ಎಳಕೊಂಡಿದ್ದನ್ನ ಬಿಡಬೇಕೋ ಬ್ಯಾಡೋ?”

“ನಿಮ್ಮ ದಾರಕ್ಕ ದೆವ್ವ ಬಡದೈತಿ,” ಎಂದ ಮೈದುನ. ಕೆಳಗೆ ದಂಡೆಯಲ್ಲಿ ಒಬ್ಬ ಮೀನುಗಾರ ಬಲೆ ಸುತ್ತುತ್ತಿದ್ದ. ಹೊರಗಿನಿಂದ ಬಂದವನು, ಇಂಜಿನ್ ಹಚ್ಚಿದ ದೋಣಿ ಅವನದು. ಮೈದುನ ಅವನನ್ನು ಕೂಗಿ ಒಪ್ಪಿಸಿದ. “ಹತ್ತು ನಿಮಿಷದಾಗ ಮುಟ್ಟಸ್ತಾನಂತ. ವೈನಿ, ಕೂಸನ್ನ ತಗೊಂಡು ಬರ್ರಿ. ಈ ಮುದುಕನ ಪುರಾಣ ಕೇಳಕೋತ ಕುಂತ್ರ ಕೂಸು ಉಳಿಯೂದಿಲ್ಲ.”

ಆ ಮಾತು ನನ್ನ ಎದೆಗೆ ನಾಟಿತು. ಯಜಮಾನರು ನನ್ನ ಮುಖ ನೋಡಿದರು, ನಾನು ಅವರದು ನೋಡಿದೆ. ಕೂಸಿನ ಬೋಳು ತಲೆ ನನ್ನ ಅಂಗೈ ಸುಡುತ್ತಿತ್ತು. ನಾನು ಮೆಟ್ಟಿಲಿಳಿದು ಹೋಗಿ ಆ ದೋಣಿಯಲ್ಲಿ ಕುಳಿತೇಬಿಟ್ಟೆ. ಕಾಕಾ ತಡೆಯಲಿಲ್ಲ. ಕಟ್ಟೆಯಿಂದಲೇ ನೋಡುತ್ತಿದ್ದರು.

ಯಜಮಾನರು ಒಂದು ಕಾಲು ದೋಣಿಯಲ್ಲಿ ಇಟ್ಟಿದ್ದರು. ಮೀನುಗಾರ ಇಂಜಿನ್ನಿನ ಹಗ್ಗಕ್ಕೆ ಕೈ ಹಾಕಿದ. ಆಗ ಕರೆಂಟ್ ಹೋಯಿತು.

ಬೇರೆ ಹೇಗೆ ಹೇಳಬೇಕೋ ನನಗೆ ತಿಳಿಯದು. ಅಲ್ಲಿಯವರೆಗೆ ಬೇವಿನ ಗಿಡದಲ್ಲಿ ಹಕ್ಕಿ ಕೂಗುತ್ತಿತ್ತು, ದಂಡೆಗೆ ನೀರು ಚಪಚಪ ಅನ್ನುತ್ತಿತ್ತು. ಎಲ್ಲ ಒಮ್ಮೆಲೇ ನಿಂತವು. ಯಾರೋ ನನ್ನ ಕಿವಿಯಲ್ಲಿ ಬಾಯಿ ಇಟ್ಟು ಉಸಿರು ಹಿಡಿದರು. ನಾನು ತಿರುಗಿ ನೋಡಿದೆ. ಕಾಕಾನ ಹುಟ್ಟಿನ ನೂಲು ಸತ್ತ ಹುಳದಂತೆ ಇಳಿಬಿದ್ದಿತ್ತು.

ಕೂಸನ್ನು ಅವುಚಿಕೊಂಡು ಇಳಿದೆ. ಮೊಣಕಾಲು ನೀರಿನಲ್ಲಿ ಸೀರೆ ತೊಯ್ಯಿತು. “ನಾ ಬರೂದಿಲ್ಲ,” ಎಂದೆ.

“ವೈನಿ, ತಲಿಗಿಲಿ ಕೆಟ್ಟೈತೇನು?”

“ಕೆಟ್ಟಿರಲಿ. ನಾ ಬರೂದಿಲ್ಲ.”

ನಾನು ಇಳಿದದ್ದು ನೋಡಿ ಯಜಮಾನರೂ ಕಾಲು ಹಿಂದಕ್ಕೆ ತೆಗೆದುಕೊಂಡರು. ಮೈದುನ ಇಳಿಯಲಿಲ್ಲ. “ನಾನರ ಹೋಗಿ ಡಾಕ್ಟರನ್ನ ಕರಕೊಂಡು ಬರ್ತೀನಿ,” ಎಂದು ಸಿಟ್ಟಿನಿಂದ ಹೊರಟ. ಕೂಸಿನ ಮೇಲಿನ ಜೀವಕ್ಕೇ ಹೋದ, ಅವನನ್ನು ಈಗಲೂ ನಾನು ಬಯ್ಯುವುದಿಲ್ಲ.

ಕಾಕಾ ಎದ್ದು ನಿಂತು ಕೈ ಬಾಯಿಗೆ ಹಿಡಿದು ಕೂಗಿದರು, “ನೆಟ್ಟಗ ಹೋಗಬ್ಯಾಡ್ರೋ! ಭಾವಿ ಬಳಸಿ ಹೋಗ್ರಿ, ಗ್ವಾಡಿ ಅದಾವ!” ಇಂಜಿನ್ನಿನ ಸಪ್ಪಳದಲ್ಲಿ ಅವರಿಗೆ ಕೇಳಿಸಿತೋ ಇಲ್ಲವೋ.

ದೋಣಿ ಅರ್ಧ ದಾರಿ ಹೋಗಿರಬೇಕು. ಪಶ್ಚಿಮದ ನೀರಿನ ಮೇಲೆ ಒಂದು ಕಪ್ಪು ಗೆರೆ ಕಂಡಿತು. ಗೆರೆ ನಮ್ಮ ಕಡೆ ಓಡಿಬಂತು. ಗುಡಿಯ ಗಂಟೆ ತಾನೇ ಹೊಡೆದುಕೊಳ್ಳತೊಡಗಿತು. ಕಾಕಾ ನಮ್ಮನ್ನೆಲ್ಲ ಗರ್ಭಗುಡಿಯ ಮುಂದಕ್ಕೆ ತಳ್ಳಿ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತರು. ಮುಂದಿನ ಅರ್ಧ ಗಂಟೆ ಗಾಳಿ, ಮಳೆ, ಆಲಿಕಲ್ಲು. ಅತ್ತೆ ಮಗನ ಹೆಸರು ಹಿಡಿದು ಅಳುತ್ತಿದ್ದರು. ನಾನು ಹನುಮಪ್ಪನ ಪಾದಕ್ಕೆ ಕೂಸನ್ನು ಹಾಕಿ, ಎಣಿಸಲು ಒಂದೂ ಉಪಕಾರ ಸಿಗದೆ, ಸುಮ್ಮನೆ ಬೆರಳು ಹಿಡಿದುಕೊಂಡು ಕುಳಿತಿದ್ದೆ.

ಮಳೆ ನಿಂತು ಹೊರಗೆ ಬಂದಾಗ ಕಂಡದ್ದನ್ನು ಈ ಜನ್ಮದಲ್ಲಿ ಮರೆಯಲಾರೆ. ದೋಣಿ ಇರಲಿಲ್ಲ. ನಡು ನೀರಿನಲ್ಲಿ, ಸುತ್ತ ಏನೂ ಇಲ್ಲದ ಕಡೆ, ನನ್ನ ಮೈದುನ ನಿಂತಿದ್ದ. ನೀರು ಅವನ ಸೊಂಟದವರೆಗೆ ಮಾತ್ರ. ಕೈ ಎರಡೂ ಬದಿಗೆ ಇಳಿಬಿಟ್ಟು, ಬಸ್ಸಿಗೆ ಕಾಯುವವರ ಹಾಗೆ ಅಲುಗದೆ ನಿಂತಿದ್ದ.

ಕಾಕಾ ಟೊಪ್ಪಿಗೆ ತೆಗೆದರು. ನೂಲು ನೋಡಿದರು. ಒಬ್ಬರೇ ನಾವಿ ತೆಗೆದುಕೊಂಡು ಹೋದರು. ನಾವು ದಂಡೆಯಿಂದ ನೋಡುತ್ತಿದ್ದೆವು. ಅವನ ಹತ್ತಿರ ಬರುತ್ತಲೇ ಅವರು ಹುಟ್ಟನ್ನು ಮೇಲೆತ್ತಿ ಹಿಡಿದರು. ಆಗ ನನಗೆ ತಿಳಿಯಿತು, ಅವನು ಯಾವ ಮನೆಯ ಗೋಡೆಯ ಮೇಲೆ ನಿಂತಿದ್ದಾನೆ ಎಂದು.

ಅವನನ್ನು ಕರೆತಂದು ಕಟ್ಟೆಯ ಮೇಲೆ ಕೂಡ್ರಿಸಿದರು. ದೋಣಿ ಗೋಡೆಗೆ ಬಡಿದು ಇಂಜಿನ್ ಸಿಕ್ಕಿಕೊಂಡಿತಂತೆ, ಆ ಗಾಳಿಗೆ ಮಗುಚಿತಂತೆ. ಮೀನುಗಾರ ದೋಣಿಯನ್ನು ಬಿಗಿಹಿಡಿದು ತೇಲಿಹೋಗಿ ಆಚೆ ದಂಡೆ ಸೇರಿದ್ದು ನಮಗೆ ಸಂಜೆಗೆ ಗೊತ್ತಾಯಿತು. ಮೈದುನನ ಹಲ್ಲು ಕಟಕಟ ಅನ್ನುತ್ತಿದ್ದವು.

“ಈಸಾಕ ಹೋದೆ ಕಾಕಾ. ದಂಡಿ ಕಡೆ ಹೋದ್ರ ಸತ್ತ ಹೋಗತಿದ್ದೆ. ಯಾರೋ ಹೆಣ್ಣಮಗಳು ‘ನಿಲ್ಲು, ಅಲ್ಲೇ ನಿಲ್ಲು’ ಅಂದ್ಳು. ಕಾಲ ಕೆಳಗ ಬಿಟ್ಟೆ. ಗ್ವಾಡಿ ಸಿಕ್ತು.”

ಅತ್ತೆ ಸೆರಗು ಬಾಯಿಗೆ ಇಟ್ಟುಕೊಂಡರು. ಕಾಕಾ ಅವನ ತಲೆಯನ್ನು ತಮ್ಮ ಟವೆಲಿನಿಂದ ಒರೆಸುತ್ತಿದ್ದರು. ಕೈ ನಿಲ್ಲಿಸದೆ ಕೇಳಿದರು, “ಬಳಿ ಸಪ್ಪಳ ಆತೇನು?”

ಮೈದುನ ತಲೆ ಎತ್ತಿದ. “ನಿಮಗ ಹೆಂಗ ಗೊತ್ತು?”

ಕಾಕಾ ತಲೆ ಒರೆಸಿ ಮುಗಿಸಿ, ಟವೆಲು ಹಿಂಡಿ, ಹೆಗಲಿಗೆ ಹಾಕಿಕೊಂಡರು. “ಈಗ ಹೋಗೂಣು,” ಎಂದರು. ಅಷ್ಟೊತ್ತಿಗೆ ಮಳೆಯ ತಂಪಿಗೋ ಹನುಮಪ್ಪನ ದಯೆಗೋ ಕೂಸಿನ ಜ್ವರ ಇಳಿದಿತ್ತು. ಆ ಸಂಜೆ ನನಗೆ ಎಣಿಸಲು ಕೈಬೆರಳು ಸಾಲಲಿಲ್ಲ.

ಅದಾದ ಮೇಲೆ ಮೈದುನ ಕಾಕಾನ ದಾರವನ್ನು ನೋಡಿ ಎಂದೂ ನಗಲಿಲ್ಲ. ಸಾವಳಗಿಯಲ್ಲಿ ಅವನ ಅಂಗಡಿ. ಈಗಲೂ ಅಂಗಡಿಯ ಬಾಗಿಲಲ್ಲಿ ಒಂದು ಕೆಂಪು ನೂಲು ಕಟ್ಟಿದ್ದಾನೆ. ಗಿರಾಕಿಗಳು ಕೇಳಿದರೆ ದೃಷ್ಟಿಗೆ ಎನ್ನುತ್ತಾನೆ.

ಕೂಸಿನ ಜೀವ ಉಳಿದದ್ದು ಈ ನೀರಿನಿಂದ ದೂರ ಇರಲಿ ಎಂದಲ್ಲವೇ? ದೇವರ ಲೆಕ್ಕ ಬೇರೆ. ರೇಣು ಕಾಲೇಜಿಗೆ ಸೇರಿದ ಮೇಲೆ ಹಿನ್ನೀರಿನಲ್ಲಿ ನಡೆದ ಜಲಸಾಹಸ ಶಿಬಿರಕ್ಕೆ ಹೋಗಿ ಕಯಾಕ್ ಕಲಿತಳು. ಕಯಾಕ್ ಎಂದರೆ ಒಬ್ಬರೇ ಕೂಡ್ರುವ, ಎರಡು ತುದಿಯೂ ಚೂಪಾದ ಪ್ಲಾಸ್ಟಿಕ್ ದೋಣಿ. ಎರಡು ಮುಖದ ಹುಟ್ಟು. ಸೊಂಟದ ತನಕ ಅದರೊಳಗೆ ಇಳಿಯಬೇಕು. ಶಿಬಿರ ಮುಗಿದ ಮೇಲೂ ಒಂದು ಹಳೆಯ ಕಯಾಕ್ ಅವಳ ಕೈಯಲ್ಲಿ ಉಳಿಯಿತು. ನಾನು ಉಪವಾಸ ಕುಳಿತೆ. ಅವಳು ಜಗ್ಗಲಿಲ್ಲ. ಕೊನೆಗೆ ಅವಳನ್ನು ಕಾಕಾನ ಮುಂದೆ ಒಯ್ದು ನಿಲ್ಲಿಸಿದೆ, ಅವರಾದರೂ ಬೇಡ ಎನ್ನಲಿ ಎಂದು.

ಕಾಕಾ ಆಗ ನಾವಿ ಬಿಟ್ಟಿದ್ದರು. ಕಣ್ಣು ಮಂಜಾಗಿದ್ದವು. ಅಣ್ಣನ ಮಗಳ ಮನೆಯ ಕಟ್ಟೆಯ ಮೇಲೆ ನೀರಿಗೆ ಬೆನ್ನು ಹಾಕಿ ಕೂಡ್ರುತ್ತಿದ್ದರು. ಕಯಾಕನ್ನು ಕೈಯಿಂದ ಸವರಿ ನೋಡಿ, “ಇದ ನಾವಿ ಅಲ್ಲವಾ, ಮೀನ,” ಎಂದು ನಕ್ಕರು.

“ಮುತ್ಯಾ, ಈಗ ಗಾಳಿ ಎಲ್ಲಾ ಫೋನಿನಾಗ ಬರತೈತಿ ನೋಡ್ರಿ. ಎಷ್ಟೊತ್ತಿಗೆ ಎಷ್ಟು ಬೀಸತೈತಿ ಅಂತ,” ಎಂದಳು ರೇಣು. ನಮ್ಮ ಕಾಕಾ ಅವಳಿಗೆ ಮುತ್ಯಾ, ಅಜ್ಜ.

“ಹೌದಾ? ಛಲೋ ಆತು. ಎಲ್ಲಿ ನಿಂತು ನೋಡತೈತಿ ಅದು?”

“ಅಂದ್ರ?”

“ದಿನ್ನಿ ಈಚಿಗಿ ನಿಂತು ನೋಡತೈತ್ಯೋ, ಆಚಿಗಿ ನಿಂತು ನೋಡತೈತ್ಯೋ?”

ರೇಣು ಫೋನು ಬಿಟ್ಟು ದಿನ್ನೆಯ ಕಡೆ ನೋಡಿದಳು. ಕಾಕಾ ನನ್ನ ಕಡೆ ತಿರುಗಿ, “ನೀ ಬ್ಯಾಡ ಅಂದ್ರ ಕದ್ದು ಹೋಗತಾಳ ತಂಗೀ. ಕದ್ದು ಹೋದವರು ಗಾಳಿ ನೋಡೂದಿಲ್ಲ. ಕಲಸೂಣು,” ಎಂದರು. ಆ ಮಳೆಗಾಲವೆಲ್ಲ ಅವಳು ಅವರ ಕಟ್ಟೆಯ ಮೇಲೆಯೇ. ಮೂರು ನೂಲನ್ನು ಕಲಿಸಿದರು. ಮೋಡದ ಉಸಿರು ಕಲಿಸಿದರು. ಕೆಳಗೆ ನೋಡದೆಯೇ ಮುಳುಗಿದ ಊರಿನ ಜಾಗ ಹಿಡಿಯುವುದನ್ನೂ ಕಲಿಸಿದರು. ದಂಡೆಯ ಬೇವಿನ ಗಿಡದ ಹಿಂದೆ ನೀರಿನ ಟಾಕಿ ಅಡಗಿದರೆ ಅಗಸಿಯ ದಾರಿ. ಅದೇ ದಾರಿಯಲ್ಲಿ ಮುಂದೆ ಹೋಗಿ, ದೂರದ ಸಕ್ಕರೆ ಕಾರ್ಖಾನೆಯ ಚಿಮಣಿ ಗುಡಿಯ ಕಂಬಕ್ಕೆ ಬಂದು ನಿಂತರೆ ಹುಣಸಿ ಗಿಡದ ಮನೆ. ಅವರು ಇಷ್ಟು ವರ್ಷ ಹೇಗೆ ನೋಡದೆ ಹೆಸರು ಹಿಡಿಯುತ್ತಿದ್ದರು ಎಂಬುದು ನನಗೆ ಆಗ ಗೊತ್ತಾಯಿತು. ಗೊತ್ತಾದ ಮೇಲೂ ಹೆದರಿಕೆ ಕಡಿಮೆಯಾಗಲಿಲ್ಲ.

ಸಾಯುವ ಮೊದಲು ಅಣ್ಣನ ಮಗಳಿಗೆ ಒಂದೇ ಮಾತು ಹೇಳಿದ್ದರಂತೆ. ಗಳದ ಮೇಲಿನ ಮೂರು ನೂಲು ಬಿಚ್ಚಿ ಮುಳುಗಿದ ತಮ್ಮ ಮನೆಯ ಮೇಲೆ ನೀರಿಗೆ ಬಿಡಬೇಕು, ರೇಣುವೇ ಬಿಡಬೇಕು. ಈಗ ಊರಲ್ಲಿ ನಾವಿ ಇಲ್ಲ. ಮರುದಿನ ರೇಣು, “ಇವತ್ತ ಹೋಗಿ ಬರ್ತೀನಿ,” ಎಂದಳು.

ನಾನು ಅವಳ ಜೊತೆ ದಂಡೆಗೆ ಹೋದೆ. ನೀರು ಹಾಸಿದ ಚಾಪೆ. ಕೆಳಗಿನ ನೂಲು ಇಳಿಬಿದ್ದಿತ್ತು, ನಡುವಿನದೂ ಇಳಿಬಿದ್ದಿತ್ತು. ತುದಿಯದು ನೀರಿನ ಕಡೆಗೆ ಚಾಚಿಕೊಂಡು ನಡುಗುತ್ತಿತ್ತು. “ಇವತ್ತ ಬ್ಯಾಡ,” ಎಂದೆ. ಎರಡನೆಯ ದಿನವೂ ಹಾಗೇ. “ಫೋನಿನಾಗ ಕಡಿಮಿ ತೋರಸಾಕತ್ತೈತಿಬೇ,” ಎಂದಳು. “ದಿನ್ನಿ ಯಾವ ಕಡೆ ನಿಂತು ನೋಡಾಕತ್ತೈತಿ ಕೇಳು,” ಎಂದೆ. ಮೂರನೆಯ ದಿನ ಅವಳಿಗೇ ಕಂಡಿತು, ಮಾತಾಡದೆ ಕಯಾಕನ್ನು ತಿರುಗಿಸಿದಳು. ನಾಲ್ಕನೆಯ ದಿನ ಹೊತ್ತು ಮೂಡುವಾಗ ಮೂರೂ ನೂಲು ಇಳಿಬಿದ್ದಿದ್ದವು. ಗಾಣದ ಹೊಗೆ ಕಂಬದಂತೆ ನೆಟ್ಟಗೆ. ಮೋಡವಿಲ್ಲ. ಹಕ್ಕಿ ಕೂಗುತ್ತಿದ್ದವು, ನೀರು ಚಪಚಪ ಅನ್ನುತ್ತಿತ್ತು. ಕರೆಂಟ್ ಹೋಗಿರಲಿಲ್ಲ.

ನೂಲು ಬಿಚ್ಚಿ ಅವಳ ಕೈಗೆ ಕೊಟ್ಟೆ. ಗಾಳಿ ನೋಡಲು ಗಳಕ್ಕೆ ಹೊಸದಾಗಿ ಮೂರು ಕಟ್ಟಿದೆ. ಲೈಫ್ ಜಾಕೆಟ್ಟಿನ ಪಟ್ಟಿ ನಾನೇ ಎಳೆದು ನೋಡಿದೆ. “ಊರ ಹೆಸರು ಹಿಡಕೋತ ಹೋಗು. ಮುತ್ಯಾನ ಮನಿ ಬಂದಾಗ ಸುಮ್ಮಿರು. ಹುಟ್ಟು ಮ್ಯಾಲೆತ್ತು, ನೂಲು ಬಿಡು, ಬಾ.”

ಅವಳು ಹೋದಳು. ಚಿಕ್ಕದಾಗುತ್ತ, ಚಿಕ್ಕದಾಗುತ್ತ, ಹುಟ್ಟಿನ ಎರಡು ಮುಖ ಮಾತ್ರ ಸರದಿಯಲ್ಲಿ ಮಿಂಚುವುದು ಕಾಣುತ್ತಿತ್ತು. ನಾನು ಗಳ ಹಿಡಿದುಕೊಂಡು ಹೊಸ ನೂಲನ್ನು ನೋಡುತ್ತ, ಮನಸ್ಸಿನಲ್ಲೇ ಓಣಿಗಳ ಹೆಸರು ಹಿಡಿಯುತ್ತ ನಿಂತೆ. ಅಗಸಿ. ಬಡಿಗ್ಯಾರ ಓಣಿ. ಸಾಲಿ. ನಮ್ಮ ಮನೆ ಬಂದಾಗ ತುಟಿ ತಾನೇ “ಆತು” ಎಂದಿತು, ನನಗೇ ಕೇಳದಷ್ಟು ಮೆಲ್ಲಗೆ. ಮುಂದೆ ಮಿಂಚು ನಿಂತಿತು. ನನ್ನ ಉಸಿರೂ ನಿಂತಿತು. ಎಷ್ಟೊತ್ತಾಯಿತೋ. ಮತ್ತೆ ಮಿಂಚಿತು. ತಿರುಗಿತು.

ದಂಡೆಗೆ ಬಂದು ಇಳಿದವಳ ಮುಖ ಬಿಳುಪಾಗಿತ್ತು.

“ಅವ್ವಾ, ನೀ ಇಲ್ಲಿಂದ ಏನರ ಒದರಿದೇನು?”

“ಇಲ್ಲವಾ. ಯಾಕ?”

“ನಾ ಸುಮ್ಮಿರಲಿಲ್ಲಬೇ. ತಪ್ಪಾತೋ ಏನೋ. ಎಲ್ಲಾರ ಮನಿ ಹೆಸರು ಹಿಡದು ಮುತ್ಯಾಂದು ಒಂದ ಬಿಟ್ರ ಹೆಂಗ ಅನಿಸ್ತು. ‘ಹುಣಸಿ ಗಿಡದ ಮನಿ ಬಂತು’ ಅಂದೆ. ನೂಲು ಬಿಟ್ಟೆ.” ಅವಳು ತಿರುಗಿ ನೀರಿನ ಕಡೆ ನೋಡಿದಳು. “‘ಆತು’ ಅಂದ್ರು.”

“ಮುತ್ಯಾನ ದನಿ ಹಂಗ ಇತ್ತೇನು?”

ಅವಳ ಲೈಫ್ ಜಾಕೆಟ್ಟಿನ ನೀರು ಕಾಲಿನ ಮೇಲೆ ತೊಟ್ಟಿಕ್ಕುತ್ತಿತ್ತು.

“ಒಬ್ರಲ್ಲಬೇ. ಇಬ್ರು ಕೂಡೇ ಅಂದ್ರು.”

ಗಳದ ತುದಿಯ ನೂಲು ಎದ್ದು ನೀರಿನ ಕಡೆಗೆ ಚಾಚಿತು. “ಬಾ, ಗಾಳಿ ಬಂತು, ಮನಿಗೆ ಹೋಗೂಣು,” ಎಂದು ಅವಳ ಕೈ ಹಿಡಿದುಕೊಂಡೆ.

ಸಂಜೆ ದೀಪ ಹಚ್ಚಿ ಎಣಿಸಲು ಕುಳಿತೆ. ಮಗಳು ಮನೆಗೆ ಬಂದಳು, ಒಂದು. ಆಮೇಲೆ ಮುಂದಿನ ಎರಡು ಬೆರಳನ್ನು ಒಟ್ಟಿಗೇ ಮಡಚಿದೆ.